ತೋಟದ ಲಿಸ್ಟು, ಆಫೀಸಿನ ಲಿಸ್ಟು: ವಿಎಸ್ ಕೋಡ್‌ನಲ್ಲಿ ಎರಡು ಫೈಲು ತಾಳೆ ನೋಡುವುದು

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಸಂಜೆ ತೂಕ ಮುಗಿದ ಮೇಲೆ ರೈಟರು (ತೋಟದ ಗುಮಾಸ್ತರು) ಕೂಲಿಯವರ ದಿನದ ಲೆಕ್ಕದ ಪಟ್ಟಿಯಾದ ಚೆಕ್‌ರೋಲ್ ಬರೆದು, ಎಕ್ಸೆಲ್‌ಗೆ ಹಾಕಿ, ವಾಟ್ಸಾಪಿನಲ್ಲಿ ಟೌನಿನ ಆಫೀಸಿಗೆ ಕಳಿಸುತ್ತಾರೆ. ಆಫೀಸಿನಲ್ಲಿ ತೂಕದ ಚೀಟಿ ನೋಡಿಕೊಂಡು ಅದೇ ಲೆಕ್ಕವನ್ನು ಇನ್ನೊಬ್ಬರು ಬೇರೆ ಟೈಪ್ ಮಾಡಿರುತ್ತಾರೆ. ಬಟವಾಡೆಯ ಹಿಂದಿನ ದಿನ ಎರಡೂ ಕಡೆ ಕೂಡಿದರೆ 18 ಕೆಜಿ ತಾಳೆ ಬೀಳುವುದಿಲ್ಲ. ಸಾಲುಗಳು ಆರುನೂರು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಮುನ್ನೂರನೇ ಸಾಲಿಗೆ ಬರುವಷ್ಟರಲ್ಲಿ 46 ಯಾವುದು, 64 ಯಾವುದು ಎಂಬುದೇ ಮರೆತಿರುತ್ತದೆ. ಈ ಕೆಲಸಕ್ಕೆ ಹೊಸ ಸಾಫ್ಟ್‌ವೇರ್ ಬೇಡ. ಕೋಡ್ ಬರೆಯುವವರು ಬಳಸುವ ವಿಷುಯಲ್ ಸ್ಟುಡಿಯೋ ಕೋಡ್ (ವಿಎಸ್ ಕೋಡ್) ಎಂಬ ಉಚಿತ ಎಡಿಟರಿನಲ್ಲಿ ಎರಡು ಫೈಲು ಹೋಲಿಸುವ ಸೌಲಭ್ಯ ಮೊದಲಿಂದಲೇ ಇದೆ. ಒಮ್ಮೆ ಇನ್‌ಸ್ಟಾಲ್ ಆದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಟವರ್ ಕೈಕೊಡುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಆನ್‌ಲೈನಿನಲ್ಲಿ ಫೈಲು ಹೋಲಿಸಿಕೊಡುವ ಸೈಟುಗಳೂ ಇವೆ. ಆದರೆ ಕೂಲಿಯವರ ಬ್ಯಾಂಕ್ ಖಾತೆ ಸಂಖ್ಯೆ ಇರುವ ಲಿಸ್ಟನ್ನು ಅಂಥ ಕಡೆ ಪೇಸ್ಟ್ ಮಾಡಲೇಬಾರದು.

ಹೋಲಿಸುವುದು ಎರಡು ಕ್ಲಿಕ್ಕಿನ ಕೆಲಸ. ಹೆಚ್ಚು ಹೊತ್ತು ಹಿಡಿಯುವುದು ಅದಕ್ಕೆ ಮುಂಚೆ ಎರಡೂ ಫೈಲನ್ನು ಒಂದೇ ಹದಕ್ಕೆ ತರುವುದು. ಅದನ್ನು ಬಿಟ್ಟವರಿಗೆ ಆರುನೂರು ಸಾಲೂ ಕೆಂಪಾಗಿ ಕಾಣುತ್ತದೆ, ಎಡಿಟರೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ಮೊದಲು ಸಿಎಸ್‌ವಿ ಮಾಡಿಕೊಳ್ಳಿ

ಎಕ್ಸೆಲ್‌ನ ಫೈಲಾಗಲಿ, ವರ್ಡ್ ಅಥವಾ ಪಿಡಿಎಫ್ ಆಗಲಿ ನೇರವಾಗಿ ಹೋಲಿಕೆಗೆ ಬರುವುದಿಲ್ಲ. ಅವು ಬೈನರಿ ಫೈಲುಗಳು, ಎಡಿಟರಿಗೆ ಬೇಕಿರುವುದು ಬರೀ ಪಠ್ಯ. ಅಂಥ ಪಠ್ಯದ ಫೈಲೇ ಸಿಎಸ್‌ವಿ, ಅದರಲ್ಲಿ ಕಾಲಮುಗಳ ನಡುವೆ ಕಾಮಾ ಇರುತ್ತದೆ. ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಒತ್ತಿದಾಗ ಸಿಎಸ್‌ವಿ ಹೆಸರಿನ ಆಯ್ಕೆಗಳು ಒಂದಕ್ಕಿಂತ ಹೆಚ್ಚು ಕಾಣುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂದಿರುವುದನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಎಂದಿರುವುದರಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ, ಆ ಫೈಲಿನಿಂದ ಹೆಸರುಗಳನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಸಿಎಸ್‌ವಿ ಮಾಡುವಾಗ ಎಕ್ಸೆಲ್ ಕೊಡುವುದು ಪರದೆಯ ಮೇಲೆ ಕಾಣುವ ರೂಪವನ್ನು. ಒಳಗಿರುವ ಪೂರ್ತಿ ಮೌಲ್ಯವನ್ನಲ್ಲ. ಇದರಿಂದ ಮೂರು ಕಡೆ ಏಟು ಬೀಳುತ್ತದೆ.

ದಿನಾಂಕ: ಒಂದು ಕಂಪ್ಯೂಟರಿನಲ್ಲಿ 05-01-2026, ಇನ್ನೊಂದರಲ್ಲಿ 5/1/2026. ದಿನ ಒಂದೇ, ಆದರೂ ಪ್ರತಿ ಸಾಲೂ ವ್ಯತ್ಯಾಸವೇ. ಕಾಲಂ ಆಯ್ದು, ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್‌ನಲ್ಲಿ ವರ್ಷ-ತಿಂಗಳು-ದಿನದ ಕ್ರಮ ಕೊಟ್ಟು 2026-01-05 ಎಂದು ಕಾಣುವ ಹಾಗೆ ಎರಡೂ ಕಡೆ ಮಾಡಿ. ಈ ಕ್ರಮಕ್ಕೆ ಇನ್ನೊಂದು ಲಾಭವಿದೆ: ಪಠ್ಯವಾಗಿ ವಿಂಗಡಿಸಿದರೂ ತಾರೀಖುಗಳು ಸರಿಯಾಗಿ ಸಾಲುಗೂಡುತ್ತವೆ.

ಖಾತೆ ಸಂಖ್ಯೆ: ಜನರಲ್ ಫಾರ್ಮ್ಯಾಟಿನಲ್ಲಿ 12 ಅಥವಾ ಹೆಚ್ಚು ಅಂಕಿಯ ಸಂಖ್ಯೆಯನ್ನು ಎಕ್ಸೆಲ್ 1.23457ಇ+11 ಎಂಬ ಥರ ತೋರಿಸುತ್ತದೆ, ಸಿಎಸ್‌ವಿಗೂ ಹಾಗೇ ಬರೆಯುತ್ತದೆ. 15 ಅಂಕಿ ದಾಟಿದರೆ ಅದರಾಚೆಯವು ಸೊನ್ನೆಯಾಗುತ್ತವೆ. ಟೈಪ್ ಮಾಡುವ ಮೊದಲೇ ಆ ಕಾಲಮನ್ನು ಟೆಕ್ಸ್ಟ್ ಎಂದು ಗೊತ್ತು ಮಾಡಿಡುವುದೇ ಸರಿಯಾದ ದಾರಿ. ಆಮೇಲೆ ಬದಲಿಸಿದರೆ ಹೋದ ಅಂಕಿ ಹೋದ ಹಾಗೆಯೇ.

ಮುಂದಿನ ಸೊನ್ನೆ: 007 ಎಂಬ ಕ್ರಮಸಂಖ್ಯೆ 7 ಆಗುತ್ತದೆ. ಮದ್ದು ಇದಕ್ಕೂ ಅದೇ.

ಆಮೇಲೆ ಎರಡೂ ಫೈಲನ್ನು ಒಂದು ಫೋಲ್ಡರಿಗೆ ಹಾಕಿ, ಹೆಸರು ಬದಲಿಸಿ: ‘ತೋಟ-ವಾರ1’, ‘ಆಫೀಸು-ವಾರ1’. ವಾಟ್ಸಾಪಿನಿಂದ ಇಳಿದ ‘ಲಿಸ್ಟ್ (1)’, ‘ಲಿಸ್ಟ್ (2)’ ಎಂಬ ಹೆಸರಿನಲ್ಲೇ ಬಿಟ್ಟರೆ ಎಡ ಯಾವುದು, ಬಲ ಯಾವುದು ಎಂಬ ಗೊಂದಲದಲ್ಲಿ ಸರಿಯಿದ್ದದ್ದನ್ನೇ ತಿದ್ದುವ ಅಪಾಯ. ಅಸಲು ಎರಡನ್ನೂ ಬೇರೊಂದು ಫೋಲ್ಡರಿನಲ್ಲಿ ಇಟ್ಟಿರಿ. ಮುಂದಿನದ್ದೆಲ್ಲ ನಕಲಿನ ಮೇಲೆ ನಡೆಯುವ ಕೆಲಸ.

ಹೋಲಿಕೆ ತೆರೆಯುವ ದಾರಿಗಳು

ಎಡಿಟರಿನ ಮೆನುಗಳು ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಅವುಗಳ ಉಚ್ಚಾರವನ್ನು ಕನ್ನಡದಲ್ಲಿ ಕೊಟ್ಟಿದೆ.

ಫೈಲ್ ಮೆನುವಿನ ಓಪನ್ ಫೋಲ್ಡರ್‌ನಿಂದ ಆ ಫೋಲ್ಡರ್ ತೆರೆಯಿರಿ. ಎಡಗಡೆಯ ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ತೋಟದ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸೆಲೆಕ್ಟ್ ಫಾರ್ ಕಂಪೇರ್’. ಬಳಿಕ ಆಫೀಸಿನ ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಕಂಪೇರ್ ವಿತ್ ಸೆಲೆಕ್ಟೆಡ್’. ಮೊದಲು ಆರಿಸಿದ್ದು ಎಡಕ್ಕೆ, ಎರಡನೆಯದು ಬಲಕ್ಕೆ ಬರುತ್ತದೆ. ಕಂಟ್ರೋಲ್ ಹಿಡಿದು ಎರಡನ್ನೂ ಒಟ್ಟಿಗೆ ಆಯ್ದು ‘ಕಂಪೇರ್ ಸೆಲೆಕ್ಟೆಡ್’ ಒತ್ತಿದರೂ ಆಗುತ್ತದೆ, ಆದರೆ ಆಗ ಎಡಬಲ ಯಾವುದೆಂದು ಟ್ಯಾಬಿನ ಹೆಸರು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಟ್ಯಾಬಿನಲ್ಲಿ ಎರಡು ಹೆಸರಿನ ನಡುವೆ ಜೋಡಿ ಬಾಣ ಇರುತ್ತದೆ, ಬಾಣದ ಎಡಕ್ಕಿರುವ ಹೆಸರೇ ಎಡದ ಫೈಲು.

ಫೈಲು ಆಗಲೇ ತೆರೆದಿದ್ದರೆ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ ಕಮಾಂಡ್ ಪ್ಯಾಲೆಟ್ ತೆರೆದು ‘ಕಂಪೇರ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ‘ಕಂಪೇರ್ ಆ್ಯಕ್ಟಿವ್ ಫೈಲ್ ವಿತ್’ ಸಿಗುತ್ತದೆ. ಅದೇ ಪಟ್ಟಿಯಲ್ಲಿ ಇನ್ನೆರಡು ಒಳ್ಳೆಯ ಆಯ್ಕೆಗಳಿವೆ. ಒಂದು, ಕ್ಲಿಪ್‌ಬೋರ್ಡಿನ ಜೊತೆ ಹೋಲಿಕೆ (ಕಂಟ್ರೋಲ್+ಕೆ, ಬಿಟ್ಟು ಸಿ): ರೈಟರು ಫೈಲು ಕಳಿಸದೆ ವಾಟ್ಸಾಪ್ ಮೆಸೇಜಿನಲ್ಲೇ ಲೆಕ್ಕ ಟೈಪ್ ಮಾಡಿ ಕಳಿಸಿದ್ದರೆ ಅದನ್ನು ಕಾಪಿ ಮಾಡಿ ನೇರ ತಾಳೆ ನೋಡಬಹುದು. ಇನ್ನೊಂದು, ಕೊನೆಯ ಬಾರಿ ಸೇವ್ ಮಾಡಿದ್ದರ ಜೊತೆ ಹೋಲಿಕೆ (ಕಂಟ್ರೋಲ್+ಕೆ, ಬಿಟ್ಟು ಡಿ): ಸೇವ್ ಒತ್ತುವ ಮುನ್ನ ಏನೇನು ಮುಟ್ಟಿದ್ದೀರಿ ಎಂದು ತೋರಿಸುತ್ತದೆ. ಆಟೋ ಸೇವ್ ಹಾಕಿದ್ದರೆ ಇದರಲ್ಲಿ ಏನೂ ಕಾಣದು, ಏಕೆಂದರೆ ತಿದ್ದಿದ್ದೆಲ್ಲ ಆಗಲೇ ಉಳಿದಿರುತ್ತದೆ.

ಬಣ್ಣ ಓದುವುದು

ಎಡದಲ್ಲಿ ಮಾತ್ರ ಇರುವುದು ಕೆಂಪು, ಬಲದಲ್ಲಿ ಮಾತ್ರ ಇರುವುದು ಹಸಿರು. ಬದಲಾದ ಸಾಲು ಎರಡೂ ಕಡೆ ತೆಳುವಾಗಿ ಬಣ್ಣಗಟ್ಟಿ, ಅದರೊಳಗೆ ನಿಜವಾಗಿ ಬದಲಾದ ಅಕ್ಷರಗಳು ಗಾಢವಾಗಿರುತ್ತವೆ. ಕಣ್ಣು ಹೋಗಬೇಕಾದ್ದು ಗಾಢ ಜಾಗಕ್ಕೆ. ಕೆಂಪು ಎಂದರೆ ತಪ್ಪು, ಹಸಿರು ಎಂದರೆ ಸರಿ ಎಂಬ ಅರ್ಥ ಇಲ್ಲವೇ ಇಲ್ಲ. ತೂಕದ ಚೀಟಿ ಹೇಳಿದ್ದು ಸರಿ, ಅಷ್ಟೇ. ಕೆಂಪು-ಹಸಿರು ಗುರುತಿಸಲು ತೊಂದರೆ ಇರುವವರು ಸಾಲಿನ ಅಂಚಿನಲ್ಲಿರುವ ಮೈನಸ್, ಪ್ಲಸ್ ಗುರುತು ನೋಡಿಕೊಳ್ಳಬಹುದು.

ಆಲ್ಟ್+ಎಫ್5 ಒತ್ತಿದರೆ ಮುಂದಿನ ವ್ಯತ್ಯಾಸಕ್ಕೆ, ಶಿಫ್ಟ್ ಸೇರಿಸಿದರೆ ಹಿಂದಿನದಕ್ಕೆ ಹಾರುತ್ತದೆ. ಮೇಲಿನ ಬಲ ಮೂಲೆಯ ಬಾಣಗಳೂ ಇದನ್ನೇ ಮಾಡುತ್ತವೆ. ಉದ್ದದ ಫೈಲಿನಲ್ಲಿ ಅದೇ ಮೂಲೆಯಲ್ಲಿರುವ ‘ಕೊಲ್ಯಾಪ್ಸ್ ಅನ್‌ಚೇಂಜ್ಡ್ ರೀಜನ್ಸ್’ ಒತ್ತಿ. ಒಂದೇ ಆಗಿರುವ ಸಾಲುಗಳು ಮಡಚಿಕೊಂಡು ಪ್ರತಿ ವ್ಯತ್ಯಾಸದ ಮೇಲೆ ಕೆಳಗೆ ಮೂರು ಮೂರು ಸಾಲು ಮಾತ್ರ ಉಳಿಯುತ್ತವೆ. ಆರುನೂರು ಸಾಲಿನ ಚೆಕ್‌ರೋಲ್ ಒಂದೇ ಪರದೆಗೆ ಇಳಿಯುತ್ತದೆ.

ಎರಡು ಅಂಕಣ ಕಾಣದೆ ಒಂದರ ಕೆಳಗೊಂದು ಬಂದರೆ ಗಾಬರಿ ಬೇಡ. ಹೋಲಿಕೆಯ ಜಾಗ 900 ಪಿಕ್ಸೆಲ್‌ಗಿಂತ ಕಿರಿದಾದಾಗ ಎಡಿಟರು ತಾನಾಗಿ ಇನ್‌ಲೈನ್ ನೋಟಕ್ಕೆ ಬದಲಾಗುತ್ತದೆ. ಕಂಟ್ರೋಲ್+ಬಿ ಒತ್ತಿ ಎಡಗಡೆಯ ಪಟ್ಟಿ ಮುಚ್ಚಿದರೆ ಸಣ್ಣ ಲ್ಯಾಪ್‌ಟಾಪಿನಲ್ಲೂ ಜಾಗ ಸಾಲುತ್ತದೆ.

ಈಗ ಆ 18 ಕೆಜಿಗೆ ಬನ್ನಿ. ಹಳೆಯ ಲೆಕ್ಕಿಗರಿಗೆ ಗೊತ್ತಿರುವ ಒಂದು ಉಪಾಯ: ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ದೊಡ್ಡದು. 64ರಿಂದ 46 ಕಳೆದರೆ 18. 53ರಿಂದ 35 ಕಳೆದರೂ 18. ಹೋಲಿಕೆಯಲ್ಲಿ ಮೊದಲು ಇಂಥ ಜೋಡಿಯನ್ನೇ ಹುಡುಕಿ (ಕಾಲಮುಗಳು ದಿನಾಂಕ, ತೋಟದ ಭಾಗ ಅಂದರೆ ಬ್ಲಾಕ್, ಕ್ರಮಸಂಖ್ಯೆ, ಕೆಜಿ):

ಎಡ: 2026-01-05, ಹಳ್ಳದ ಬ್ಲಾಕ್, 27, 46
ಬಲ: 2026-01-05, ಹಳ್ಳದ ಬ್ಲಾಕ್, 27, 64

ಇಷ್ಟಕ್ಕೇ ನಿಲ್ಲಿಸಬೇಡಿ. ಒಂದು ಕಡೆ 10 ಹೆಚ್ಚು, ಇನ್ನೊಂದು ಕಡೆ 10 ಕಡಿಮೆ ಆಗಿ ಒಟ್ಟು ಮೊತ್ತದಲ್ಲಿ ಸದ್ದಿಲ್ಲದೆ ಸರಿದೂಗಿರುವ ಜೋಡಿ ತಪ್ಪುಗಳು ಸಿಗುವುದೂ ಇಲ್ಲೇ. ಮೊತ್ತ ಸರಿಯಿದ್ದ ಮಾತ್ರಕ್ಕೆ ಬಟವಾಡೆ ಸರಿಯಿರುವುದಿಲ್ಲ, ಒಬ್ಬರ ಕೂಲಿ ಇನ್ನೊಬ್ಬರ ಕೈಗೆ ಹೋಗಿರುತ್ತದೆ.

ಎಲ್ಲವೂ ಕೆಂಪಾದರೆ

ಹೋಲಿಕೆಯ ಲೆಕ್ಕಾಚಾರ ಹಳೆಯದು. 1974ರಲ್ಲಿ ಯುನಿಕ್ಸ್‌ನ ಐದನೇ ಆವೃತ್ತಿಯ ಜೊತೆ ಬಂದ, ಫೈಲು ಹೋಲಿಸುವ ‘ಡಿಫ್’ ಎಂಬ ಪ್ರೋಗ್ರಾಮಿನ ಕಾಲದಿಂದ ಮೂಲ ತತ್ವ ಒಂದೇ: ಎರಡೂ ಫೈಲಿನಲ್ಲಿ ಅದೇ ಕ್ರಮದಲ್ಲಿ ಸಿಗುವ ಸಾಲುಗಳ ಅತಿ ಉದ್ದದ ಸರಣಿ ಹುಡುಕು, ಅದಕ್ಕೆ ಸೇರದ್ದೆಲ್ಲ ವ್ಯತ್ಯಾಸ. ‘ಅದೇ ಕ್ರಮದಲ್ಲಿ’ ಎಂಬುದೇ ಇಲ್ಲಿ ತೊಡಕು. ರೈಟರು ಬ್ಲಾಕ್ ಪ್ರಕಾರ ಬರೆದು, ಆಫೀಸಿನವರು ಕ್ರಮಸಂಖ್ಯೆ ಪ್ರಕಾರ ಬರೆದಿದ್ದರೆ ಒಂದೇ ಸಾಲು ಒಂದು ಕಡೆ ಅಳಿಸಿದ ಹಾಗೆ, ಇನ್ನೊಂದು ಕಡೆ ಸೇರಿಸಿದ ಹಾಗೆ ಕಾಣುತ್ತದೆ.

ಪರಿಹಾರ: ಎರಡೂ ನಕಲನ್ನು ಬೇರೆ ಬೇರೆ ತೆರೆದು, ಕಂಟ್ರೋಲ್+ಎ ಒತ್ತಿ ಎಲ್ಲ ಆಯ್ದು, ಕಮಾಂಡ್ ಪ್ಯಾಲೆಟ್‌ನಲ್ಲಿ ‘ಸಾರ್ಟ್ ಲೈನ್ಸ್ ಅಸೆಂಡಿಂಗ್’ ಕೊಡಿ. ಪಠ್ಯದ ವಿಂಗಡಣೆಯಾದ್ದರಿಂದ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಎರಡೂ ಫೈಲಿನಲ್ಲಿ ಹಾಗೇ ಬರುವುದರಿಂದ ಹೋಲಿಕೆಗೆ ತೊಂದರೆ ಇಲ್ಲ. ‘ದಿನಾಂಕ, ಬ್ಲಾಕ್’ ಎಂಬ ತಲೆಸಾಲು ಅಂಕಿಗಳೆಲ್ಲ ಮುಗಿದ ಮೇಲೆ ಕೊನೆಗೆ ಹೋಗಿ ಕೂರುತ್ತದೆ, ಕಳೆದುಹೋಯಿತೆಂದು ಹುಡುಕಬೇಡಿ. ಅದೇ ಜಾಗದಲ್ಲಿ ‘ಡಿಲೀಟ್ ಡೂಪ್ಲಿಕೇಟ್ ಲೈನ್ಸ್’ ಎಂಬ ಆಜ್ಞೆಯೂ ಇದೆ. ಚೆಕ್‌ರೋಲ್ ಮೇಲೆ ಅದನ್ನು ಎಂದೂ ಓಡಿಸಬಾರದು. ಒಬ್ಬರೇ ಬೆಳಗ್ಗೆ 30, ಮಧ್ಯಾಹ್ನ 30 ಕೆಜಿ ತೂಗಿಸಿದ್ದರೆ ಎರಡು ಸಾಲೂ ನಿಜವಾದವೇ.

ವಿಂಗಡಿಸಿದ ಮೇಲೂ ಎಲ್ಲ ಸಾಲು ಬಣ್ಣವಾಗಿದ್ದರೆ ಗಾಢ ಭಾಗ ಯಾವ ಕಾಲಮಿನಲ್ಲಿದೆ ನೋಡಿ. ತಾರೀಖಿನಲ್ಲಿದ್ದರೆ ಹಿಂದೆ ಹೇಳಿದ ಫಾರ್ಮ್ಯಾಟ್ ತಪ್ಪಿದೆ. ಕಾಮಾಕ್ಕೆ ಮೊದಲು ಇದ್ದರೆ ಅದು ಹೆಚ್ಚುವರಿ ಸ್ಪೇಸ್. ಎಡಿಟರು ಸಹಜವಾಗಿ ಸಾಲಿನ ಆರಂಭ ಮತ್ತು ಕೊನೆಯ ಸ್ಪೇಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ (ಸೆಟ್ಟಿಂಗಿನ ಹೆಸರು ‘ಡಿಫ್ ಎಡಿಟರ್: ಇಗ್ನೋರ್ ಟ್ರಿಮ್ ವೈಟ್‌ಸ್ಪೇಸ್’), ಮಧ್ಯದ್ದನ್ನು ಮಾತ್ರ ಬಿಡುವುದಿಲ್ಲ. ‘ಹಳ್ಳದ ಬ್ಲಾಕ್’ ಆದ ಮೇಲೆ ಬಿದ್ದ ಒಂದು ಸ್ಪೇಸು ಎಕ್ಸೆಲ್‌ನ ವಿ-ಲುಕಪ್ಪನ್ನೂ (ಹೆಸರು ಹೊಂದಿಸಿ ಮಾಹಿತಿ ತರುವ ಸೂತ್ರ) ಕೆಡಿಸುತ್ತದೆ, ಆದ್ದರಿಂದ ತೆಗೆದೇ ಬಿಡಿ: ಕಂಟ್ರೋಲ್+ಎಚ್, ಆಲ್ಟ್+ಆರ್ ಒತ್ತಿ ರೆಗೆಕ್ಸ್ (ಮಾದರಿ ಕೊಟ್ಟು ಹುಡುಕುವ ವಿಧಾನ) ಚಾಲೂ ಮಾಡಿ, ಹುಡುಕುವ ಜಾಗದಲ್ಲಿ ಒಂದು ಸ್ಪೇಸ್, ಪ್ಲಸ್ ಗುರುತು, ಕಾಮಾ, ಬದಲಿ ಜಾಗದಲ್ಲಿ ಬರೀ ಕಾಮಾ. ಇಂಡೆಂಟೇಶನ್‌ಗೆ (ಸಾಲಿನ ಆರಂಭದ ಖಾಲಿ ಜಾಗಕ್ಕೆ) ಅರ್ಥವಿರುವ ಪೈಥಾನ್, ಯಾಮಲ್ ಥರದ ಕೋಡ್ ಫೈಲುಗಳನ್ನು ಹೋಲಿಸುವವರು ಮಾತ್ರ ಆ ಸೆಟ್ಟಿಂಗನ್ನು ಆಫ್ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ನಿಜವಾದ ದೋಷವೇ ಕಾಣದೆ ಹೋಗುತ್ತದೆ.

ಕಣ್ಣಿಗೆ ಒಂದೇ, ಎಡಿಟರಿಗೆ ಬೇರೆ

ಕನ್ನಡದ ಫೈಲುಗಳಲ್ಲಿ ತಲೆ ತಿನ್ನುವುದು ಇದು. ಎಡದಲ್ಲೂ ‘ಕೊಪ್ಪ’, ಬಲದಲ್ಲೂ ‘ಕೊಪ್ಪ’, ಆದರೂ ಮೊದಲ ಅಕ್ಷರಕ್ಕೆ ಬಣ್ಣ. ಕಾರಣ, ‘ಕೊ’ವನ್ನು ಎರಡು ಥರ ಸಂಗ್ರಹಿಸಲು ಬರುತ್ತದೆ: ಒತ್ವ ಚಿಹ್ನೆಯನ್ನು ಒಂದೇ ಸಂಕೇತವಾಗಿ (ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಅದರ ಸಂಖ್ಯೆ 0ಸಿಸಿಎ), ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳ ಜೋಡಿಯಾಗಿ (0ಸಿಸಿ6, 0ಸಿಸಿ2). ‘ಬೇಲೂರು’ ಬರೆಯುವಾಗಲೂ ಹೀಗೇ, ಏತ್ವ ಒಂದೇ ಸಂಕೇತವಾಗಿರಬಹುದು ಅಥವಾ ಎತ್ವಕ್ಕೆ ದೀರ್ಘದ ಚಿಹ್ನೆ ಸೇರಿಸಿದ್ದಾಗಿರಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಎಡಿಟರು ನೋಡುವುದು ಸಂಕೇತಗಳನ್ನು ಮಾತ್ರ, ಆದ್ದರಿಂದ ಬೇರೆ ಎನ್ನುತ್ತದೆ. ಬೇರೆ ಬೇರೆ ಕೀಬೋರ್ಡು ಅಥವಾ ಪರಿವರ್ತಕ ಬಳಸಿದ ಫೈಲುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಸರಿಪಡಿಸಲು ರೆಗೆಕ್ಸ್ ಹುಡುಕಾಟವೇ ಸಾಕು. ಹುಡುಕುವ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್, ಯು, ಅದರ ಮುಂದೆ ಸಂಕೇತದ ನಾಲ್ಕು ಅಕ್ಷರ, ಹೀಗೆ ಒಂದರ ಪಕ್ಕ ಒಂದು (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ). ಬದಲಿ ಜಾಗದಲ್ಲಿ ಒಂದೇ ಸಂಕೇತದ ಚಿಹ್ನೆ. ಕ್ರಮ ಮುಖ್ಯ: ಮೂರು ತುಂಡಿನ ಓತ್ವವನ್ನು (0ಸಿಸಿ6, 0ಸಿಸಿ2, 0ಸಿಡಿ5) ಮೊದಲು ಬದಲಿಸಿ, ಆಮೇಲೆ ಎರಡು ತುಂಡಿನ ಒತ್ವ. ಉಲ್ಟಾ ಮಾಡಿದರೆ ಓತ್ವದ ಮೊದಲೆರಡು ತುಂಡು ಒತ್ವವಾಗಿ, ದೀರ್ಘ ಒಂಟಿಯಾಗಿ ಹಿಂದೆ ಉಳಿಯುತ್ತದೆ.

ಇನ್ನೊಂದು ಕಾಟ, ಕಾಣದ ಅಕ್ಷರ. ‘ಎಸ್ಟೇಟ್‌ಗೆ’ ಎಂದು ಟಕಾರ ಗಕಾರ ಒತ್ತಾಗದಂತೆ ಬರೆಯಲು ನಡುವೆ ಶೂನ್ಯ ಅಗಲದ ಒಂದು ಸಂಕೇತ (200ಸಿ) ಕೂರುತ್ತದೆ. ‘ರ‍್ಯಾಂಕ್’ ಬರೆಯುವಾಗ ಅದರ ಅಣ್ಣ 200ಡಿ. ಇವು ಬೇಕಾದ ಕಡೆ ಬೇಕೇ ಬೇಕು, ಕಣ್ಣು ಮುಚ್ಚಿ ಎಲ್ಲ ಅಳಿಸಿದರೆ ಪದ ಕೆಡುತ್ತದೆ. ಪದದ ಕೊನೆಯಲ್ಲಿ, ಕಾಮಾಕ್ಕೆ ಅಂಟಿಕೊಂಡು ಉಳಿದವು ಮಾತ್ರ ಕಸ. 200ಸಿ ಮುಂದೆ ಕಾಮಾ ಸೇರಿಸಿ ಹುಡುಕಿದರೆ ಅವಷ್ಟೇ ಸಿಗುತ್ತವೆ. ಕನ್ನಡದ ಸೊನ್ನೆ ‘೦’ ಮತ್ತು ಅನುಸ್ವಾರ ‘ಂ’ ಅದಲುಬದಲಾಗಿರುವುದನ್ನೂ, ಒಂದು ಕಡೆ ‘೪೬’ ಇನ್ನೊಂದು ಕಡೆ ‘46’ ಇರುವುದನ್ನೂ ಹೋಲಿಕೆ ತಪ್ಪದೆ ಹಿಡಿಯುತ್ತದೆ.

ಫೈಲು ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನ ಪಠ್ಯ. ಎನ್‌ಕೋಡಿಂಗ್ ಬದಲಿಸಿ ತೆರೆದರೂ ಸರಿಹೋಗದು. ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡೇ ಬರಬೇಕು, ಎರಡೂ ಫೈಲು ಹಳೆಯವಾದರೆ ಎರಡಕ್ಕೂ ಒಂದೇ ಪರಿವರ್ತಕ ಬಳಸಬೇಕು.

ಇದಕ್ಕೆ ವಿರುದ್ಧದ ಪ್ರಸಂಗವೂ ಉಂಟು. ಹೋಲಿಕೆಯಲ್ಲಿ ಏನೂ ಕಾಣದು, ಬೇರೆ ಸಾಫ್ಟ್‌ವೇರ್ ಮಾತ್ರ ಫೈಲುಗಳು ಬೇರೆ ಎನ್ನುತ್ತದೆ. ಆಗ ಕೆಳಗಿನ ಬಲ ಮೂಲೆಯ ಪಟ್ಟಿಯನ್ನು ಎರಡೂ ಫೈಲಿಗೆ ನೋಡಿ. ಒಂದು ಕಡೆ ‘ಸಿಆರ್‌ಎಲ್‌ಎಫ್’, ಇನ್ನೊಂದು ಕಡೆ ‘ಎಲ್‌ಎಫ್’ ಇರಬಹುದು (ಸಾಲು ಮುರಿಯುವ ಗುರುತು ಬೇರೆ), ಅಥವಾ ಒಂದರಲ್ಲಿ ‘ಯುಟಿಎಫ್-8 ವಿತ್ ಬಾಮ್’ ಎಂದಿರಬಹುದು (ಬಾಮ್ ಎಂದರೆ ಫೈಲಿನ ಮೊದಲಲ್ಲಿ ಕೂರುವ ಕಾಣದ ಗುರುತು). ಹೋಲಿಕೆಯ ಪರದೆ ಇವೆರಡನ್ನೂ ವ್ಯತ್ಯಾಸವಾಗಿ ತೋರಿಸುವುದಿಲ್ಲ. ಸಾಲಿನ ಗುರುತನ್ನು ಅಲ್ಲೇ ಕ್ಲಿಕ್ಕಿಸಿ ಬದಲಿಸಬಹುದು. ಬಾಮ್ ಮಾತ್ರ ಇರಲಿ ಬಿಡಿ, ಅದಿಲ್ಲದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಚೆಲ್ಲಾಪಿಲ್ಲಿ.

ತಿದ್ದುವಾಗ

ಹೋಲಿಕೆಯ ಪರದೆಯಲ್ಲೇ ತಿದ್ದಬಹುದು, ಸೇವ್ ಮಾಡಬಹುದು. ಎರಡು ಅಂಕಣದ ನಡುವೆ ಬಾಣ ಕಾಣುತ್ತದಲ್ಲ, ಅದರ ಬಗ್ಗೆ ಎಚ್ಚರ: ಅದು ಎಡದ ಸಾಲನ್ನು ಬಲಕ್ಕೆ ಹಾಕಿ ಬಲದ್ದನ್ನು ಅಳಿಸುತ್ತದೆ. ಆಫೀಸಿನ ಫೈಲು ಬಲದಲ್ಲಿದ್ದು, ಚೀಟಿಯ ಪ್ರಕಾರ 64 ಸರಿಯಿದ್ದರೆ ಬಾಣ ಒತ್ತಿದ ಕ್ಷಣ ಸರಿಯಾದದ್ದೇ ಹೋಗುತ್ತದೆ. ತಕ್ಷಣ ಕಂಟ್ರೋಲ್+ಝಡ್. ಬಾಣ ನಂಬುವುದಕ್ಕಿಂತ ಚೀಟಿ ಕೈಯಲ್ಲಿ ಹಿಡಿದು ಒಂದೊಂದೇ ಅಂಕಿ ಟೈಪಿಸುವುದು ಲೇಸು.

ಮಳೆ ಲೆಕ್ಕದ ಫೈಲಿನಲ್ಲಿ ಇದು ಇನ್ನೂ ಸೂಕ್ಷ್ಮ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. 1.5 ಮತ್ತು 1.50 ಹೋಲಿಕೆಯಲ್ಲಿ ಬೇರೆ ಎಂದು ಬಣ್ಣವಾದರೂ ಮಳೆ ಒಂದೇ, ಒಂದೂವರೆ ಇಂಚು. 0.05 ಮತ್ತು 0.5 ನಡುವೆಯೂ ಬಣ್ಣವಾಗುವುದು ಒಂದು ಸೊನ್ನೆ ಮಾತ್ರ. ಆದರೆ ಒಂದು ಐದು ಸೆಂಟಿನ ಹನಿ, ಇನ್ನೊಂದು ಐವತ್ತು ಸೆಂಟು. ಕಾಫಿ ಹೂ ಅರಳಿಸುವ ಹೂಮಳೆ ಸಾಕಾಯಿತೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂದು ತೀರ್ಮಾನಿಸುವವರಿಗೆ ಈ ಎರಡರ ನಡುವೆ ಅಜಗಜಾಂತರ. ಕಾಲಮನ್ನು ಮೊದಲೇ ಎರಡು ದಶಮಾಂಶಕ್ಕೆ ಗೊತ್ತು ಮಾಡಿ ಸಿಎಸ್‌ವಿ ತೆಗೆದರೆ ಮೊದಲನೆಯ ಬಗೆಯ ಹುಸಿ ವ್ಯತ್ಯಾಸ ಬರುವುದೇ ಇಲ್ಲ, ಎರಡನೆಯದು ಎದ್ದು ಕಾಣುತ್ತದೆ.

ಹಳೆಯ ಪ್ರತಿಯೇ ಇಲ್ಲ, ತಿದ್ದಿ ಸೇವ್ ಮಾಡಿ ಆಗಿದೆ ಎಂದರೂ ಕೈಬಿಡಬೇಡಿ. ಎಕ್ಸ್‌ಪ್ಲೋರರ್ ಪಟ್ಟಿಯ ಕೆಳಗಿರುವ ‘ಟೈಮ್‌ಲೈನ್’ ಬಿಚ್ಚಿ. 2022ರ ಮಾರ್ಚ್ ಆವೃತ್ತಿಯಿಂದ ಎಡಿಟರು ಪ್ರತಿ ಸೇವ್‌ನ ಪ್ರತಿಯನ್ನು ಆ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ, ಫೈಲಿಗೆ 50 ಪ್ರತಿಯವರೆಗೆ. ಬೇಕಾದ ಗಳಿಗೆಯ ಮೇಲೆ ಬಲಗುಂಡಿ ಒತ್ತಿ ‘ಕಂಪೇರ್ ವಿತ್ ಫೈಲ್’ ಕೊಟ್ಟರೆ ಆಗಿನದ್ದು, ಈಗಿನದ್ದು ಅಕ್ಕಪಕ್ಕ. ‘ರಿಸ್ಟೋರ್ ಕಂಟೆಂಟ್ಸ್’ ಒತ್ತಿದರೆ ಹಳೆಯದು ವಾಪಸ್. ಇದಕ್ಕೂ ಮಿತಿಯಿದೆ: 256 ಕೆಬಿಗಿಂತ ದೊಡ್ಡ ಫೈಲಿನ ಪ್ರತಿ ಉಳಿಯುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕಾದ್ದರಿಂದ ಸುಮಾರು 87,000 ಸಂಕೇತಕ್ಕೇ ಆ ಗಡಿ ಬಂತು. ಇಡೀ ಸೀಸನ್ನಿನ ಚೆಕ್‌ರೋಲನ್ನು ಒಂದೇ ಫೈಲಿಗೆ ತುಂಬುವ ಬದಲು ವಾರಕ್ಕೊಂದು ಮಾಡಿದರೆ ಗಡಿಯ ಒಳಗೇ ಇರುತ್ತೀರಿ. ಮಿತಿ ಹೆಚ್ಚಿಸಲೇಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ‘ಲೋಕಲ್ ಹಿಸ್ಟರಿ: ಮ್ಯಾಕ್ಸ್ ಫೈಲ್ ಸೈಜ್’ ಎಂದು ಹುಡುಕಿ ಸಂಖ್ಯೆ ಬದಲಿಸಿ, ಬದಲಿಸಿದ ಮೇಲಿನ ಸೇವ್‌ಗಳಿಗೆ ಅದು ಅನ್ವಯ.